ಹೆಸರು ಕೂಗುವ ಬಂಡೆ

ಹಿರೇತೊಪ್ಪಲಿನ ಅಳಿವೆಯ ಬಾಯಲ್ಲಿ, ಹೊಳೆ ಕಡಲಿಗೆ ಸೇರುವ ತೆಂಕಣ ಮಗ್ಗುಲಿಗೆ, ಒಂದು ದೊಡ್ಡ ಕರಿಬಂಡೆ ಇದೆ. ಅದರ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಬಿರುಕು. ಬಿರುಕಿನ ತುಂಬ ಮರದ ಆಣಿಗಳು. ಕೆಲವು ನಿನ್ನೆ ಮೊನ್ನೆ ಹೊಡೆದವು, ಕೆಲವು ಉಪ್ಪುಗಾಳಿಗೆ ಬಿಳಿಚಿ ಬಂಡೆಯ ಹಲ್ಲುಗಳಾಗಿಯೇ ಹೋಗಿವೆ. ಊರವರು ಇದನ್ನು ಹೆಸರು ಕೂಗುವ ಬಂಡೆ ಎನ್ನುತ್ತಾರೆ. ಪ್ರವಾಸಿಗರು ಮಾರ್ದನಿ ಕೇಳುವ ಆಸೆಯಿಂದ ಬಂಡೆಯ ಮುಂದೆ ನಿಂತು ತಮ್ಮ ಹೆಸರನ್ನು ಅರಚಿ, ಏನೂ ಕೇಳಿಸದೆ ಪೆಚ್ಚಾಗಿ ಮರಳುತ್ತಾರೆ. ಬಂಡೆಯೇನೂ ಕೂಗುವುದಿಲ್ಲ.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಅದಕ್ಕೆ ಹೆಸರೇ ಇರಲಿಲ್ಲ. ಕಬ್ಬಿಣವೆಲ್ಲ ದೊಡ್ಡ ಹಡಗುಗಳ ಪಾಲಾಗಿ, ಕರಾವಳಿ ಕಾಯುವುದಕ್ಕೆ ಸರ್ಕಾರಕ್ಕೆ ಮರದ ಚಿಕ್ಕ ನೌಕೆಗಳೇ ಗತಿಯಾದವು. ಅಂಥದೊಂದನ್ನು ಕಟ್ಟುವ ಕೆಲಸ ಊರಿನ ದೋಣಿ ಬಡಗಿ ಮಾಬ್ಲ ಮೇಸ್ತನಿಗೆ ಬಂತು. ಮೀನುದೋಣಿ ಕಟ್ಟಿ ಪಳಗಿದ ಕೈ. ಸಾಗುವಾನಿಯ ನೌಕೆ ಚೆಲುವಾಗಿಯೇ ಎದ್ದಿತು. ಆ ಚೆಲುವಿನ ಮೇಲೆ ಬೂದಿಬಣ್ಣ ಬಳಿದರು, ಮುಂದೆ ಒಂದು ಫಿರಂಗಿ ಕೂರಿಸಿದರು, ಹಿಂದೆ ಸಿಡಿಮದ್ದಿನ ಪೀಪಾಯಿಗಳನ್ನು ಸಾಲಾಗಿಟ್ಟರು. ಒಳಗೊಬ್ಬ ಕಿವಿಗೆ ಯಂತ್ರ ಹಚ್ಚಿಕೊಂಡು ನೀರಿನಡಿಯ ಜಲಾಂತರ್ಗಾಮಿಯ ಸದ್ದಿಗೆ ಕಾದು ಕೂರಬೇಕು. ಸದ್ದು ಕೇಳಿತೋ, ಪೀಪಾಯಿಗಳನ್ನು ಅಲ್ಲೇ ಕಡಲಿಗೆ ಕೆಡವಬೇಕು. ಕಡಲೊಳಗಿನ ಕಲ್ಲುಗಳ ಗುರುತು ಬಲ್ಲವನೊಬ್ಬ ಬೇಕೆಂದು ಜಟ್ಟಿ ಹರಿಕಾಂತನನ್ನು ಸಂಬಳಕ್ಕೆ ಹಿಡಿದರು. ಜಟ್ಟಿಯ ಹೆಂಡತಿ ಸೋಮಿ. ಮದುವೆಯಾಗಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಗಂಡ ಆ ಬೂದಿಬಣ್ಣದ ದೋಣಿ ಹತ್ತುತ್ತಾನೆಂದು ಕೇಳಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಊರಿನ ಮೀನುಗಾರರ ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ದೋಣಿಯ ಮುಂತುದಿಗೆ ಕಡೆಯ ಆಣಿಯನ್ನು ಬಡಗಿ ಹೊಡೆಯುವಂತಿಲ್ಲ; ಹೊಡೆದರೆ ದೋಣಿ ಮುರಿದು ಅವನ ಕೆಲಸದ ಚಪ್ಪರಕ್ಕೇ ಮರಳುತ್ತದೆಂಬ ನಂಬಿಕೆ. ಒಡೆಯನೇ ಹೊಡೆದು, ‘ದೋಣೀ, ಮನೆಗೆ ಬಾ’ ಎನ್ನಬೇಕು. ನೌಕೆ ಹೊರಡುವ ದಿನ ಮೇಸ್ತ ಆಣಿ, ಕೊಡತಿ ಹಿಡಿದು ಅದನ್ನು ಒಯ್ಯಲು ಬಂದ ಅಧಿಕಾರಿಯ ಮುಂದೆ ನಿಂತು, “ಇದ್ರ ಒಡೆಯ ಯಾರು, ಸಾಯ್ಬ್ರೇ?” ಎಂದು ಕೇಳಿದನಂತೆ. ಅಧಿಕಾರಿ ಕೆಟ್ಟವನಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿ, ದೊರೆ ಎಂದ. ದೊರೆಯೋ ಏಳು ಕಡಲಿನಾಚೆ ಕೂತಿದ್ದ. ಅವನನ್ನು ಕರೆಸಿ ಆಣಿ ಹೊಡೆಸುವಷ್ಟು ಪುರುಸೊತ್ತು ಯುದ್ಧಕ್ಕಿರಲಿಲ್ಲ. ಆಣಿಯ ತೂತಿಗೆ ಮೇಣ ಮೆತ್ತಿ ನೌಕೆಯನ್ನು ಹೊರಡಿಸಿಯೇ ಬಿಟ್ಟರು.

ದಡದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಸೋಮಿ ಮೇಸ್ತನ ಬಳಿಗೆ ಓಡಿದಳು. “ಆಣಿ ಎಲ್ಲಿ, ಮೇಸ್ತ್ರೇ?”

“ನನ್ ಸೊಂಟ್ದಲ್ಲೇ ಅದೆ, ತಂಗಿ. ಹೊಡೂಕೆ ಒಂದು ಕೈ ಸಿಕ್ಲಿಲ್ಲ.”

“ಅಂವ ಅದ್ರೊಳ್ಗೆ ಇದ್ಮೇಲೆ ಆ ದೋಣಿ ನಂದೇ. ಕೊಡಿ ಇಲ್ಲಿ.”

ಆಣಿ, ಕೊಡತಿ ಕಸಿದುಕೊಂಡು ಅವಳು ಬಂಡೆ ಏರಿದಾಗ ನೌಕೆ ಇನ್ನೂ ಅಳಿವೆ ದಾಟುತ್ತಿತ್ತು. ದೋಣಿ ಕೈಗೆಟುಕದೆ, ಬಂಡೆಯ ಬಿರುಕಿಗೇ ಆಣಿ ಇಟ್ಟು ಹೊಡೆದಳು. ಗಂಡನನ್ನು ಕರೆಯಬೇಕೆಂದು ಜೀವ ತುಡಿಯುತ್ತಿತ್ತು. ಆದರೆ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆಂದು ತಾಯಿ ಕಲಿಸಿದ್ದಳು; ಅವನನ್ನು ಅವಳು ‘ಹೋಯ್’ ಎಂದಲ್ಲದೆ ಕರೆದದ್ದೇ ಇಲ್ಲ. ನಾಲಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡು ರೂಢಿಯ ಮಾತನ್ನೇ ಕೂಗಿದಳು: “ದೋಣೀ, ಮನೆಗೆ ಬಾ!”

ಆಮೇಲಿನ ದಿನಗಳನ್ನು ಸೋಮಿ ಮನೆಗೂ ಬಂಡೆಗೂ ಅಲೆದು ಕಳೆದಳು. ಒಲೆಯ ಮೇಲೆ ಗಂಜಿ ಸೀದು ಹೋಗುತ್ತಿತ್ತು, ಹೆಣೆಯಲು ಕೂತ ಬಲೆ ಗೋಜಲಾಗುತ್ತಿತ್ತು. ಒಂದು ಮಧ್ಯಾಹ್ನ ಪಡುವಲಿಂದ ಗುಡುಗಿನಂಥ ಸದ್ದು ಬಂತು; ಆಕಾಶದಲ್ಲಿ ಮೋಡವಿರಲಿಲ್ಲ. ಸಂಜೆ ಭರತದ ನೀರು ಏರಿದಾಗ ಸತ್ತ ಮೀನು ರಾಶಿರಾಶಿಯಾಗಿ ದಡಕ್ಕೆ ಬಿತ್ತು. ಹಸಿದ ಕೇರಿಯಾದರೂ ಯಾರೂ ಅದನ್ನು ಮುಟ್ಟಲಿಲ್ಲ. ಬೆಳಗಾಗುವಾಗ ನೌಕೆ ತಾನಾಗಿ ಬಂದು ಬಂಡೆಯ ಬುಡಕ್ಕೆ ಮೈಯಾನಿಸಿ ನಿಂತಿತ್ತು. ಸೋಮಿ ಸೊಂಟದವರೆಗಿನ ನೀರಿಗಿಳಿದು ಓಡಿದಳು. ಚುಕ್ಕಾಣಿ ಮುರಿದಿತ್ತು, ಹಲಗೆಗಳ ಮಟ್ಟಕ್ಕೆ ನೀರು ತುಂಬಿತ್ತು, ಜಟ್ಟಿ ತಲೆಗೆ ಸುತ್ತುತ್ತಿದ್ದ ಕೆಂಪು ವಸ್ತ್ರ ಕಂಬಕ್ಕೆ ಸುತ್ತಿಕೊಂಡಿತ್ತು. ಮನುಷ್ಯರು ಯಾರೂ ಇರಲಿಲ್ಲ. ತಮ್ಮದೇ ಪೀಪಾಯಿ ತೀರ ಹತ್ತಿರ ಸಿಡಿದು ನೀರು ನುಗ್ಗಿದಾಗ, ಇನ್ನೇನು ಮುಳುಗಿತೆಂದು ಎಲ್ಲರೂ ತೆಪ್ಪಕ್ಕೆ ಇಳಿದಿರಬೇಕು ಎನ್ನುತ್ತಾರೆ. ತೆಪ್ಪ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮೇಸ್ತನ ಮರ ಮಾತ್ರ ಮುಳುಗಲಿಲ್ಲ.

ಮೇಸ್ತ ಬಂದು ನೋಡುವಾಗ ಸೋಮಿ ನೌಕೆಯ ಮೂತಿಗೆ ಹಣೆ ಹಚ್ಚಿ ನಿಂತಿದ್ದಳು.

“ನಾ ದೋಣಿ ಕರ್ದೆ, ಮೇಸ್ತ್ರೇ. ದೋಣಿ ಬಂತು. ಅಂವನ್ನ ಕರೀಲೇ ಇಲ್ಲ.”

“ಹಾಂಗೆಲ್ಲ ಹೇಳ್ಬೇಡ, ತಂಗಿ,” ಎಂದ ಮೇಸ್ತ. ಅಲ್ಲಿಯವರೆಗೆ ಆಣಿ ಹೊಡೆದ ಒಡೆಯನೇ ದೋಣಿಯಲ್ಲಿ ಹೋಗುತ್ತಿದ್ದ; ದೋಣಿ ಬಂತೆಂದರೆ ಅವನೂ ಬಂದ ಹಾಗೆಯೇ. ಆಣಿ ಹೊಡೆದವರು ದಡದಲ್ಲಿ ಉಳಿದರೆ ಏನು ಹೇಳಬೇಕೆಂದು ಯಾವ ಹಿರಿಯನೂ ಯೋಚಿಸಿರಲಿಲ್ಲ. ಸೋಮಿ ಒದ್ದೆ ಸೀರೆಯಲ್ಲೇ ಬಂಡೆ ಹತ್ತಿ, ಹುಟ್ಟಿದಾರಭ್ಯ ಮೊದಲ ಸಲ, ಊರೆಲ್ಲ ಕೇಳುವಂತೆ ಗಂಡನ ಹೆಸರು ಹಿಡಿದು ಕೂಗಿದಳು. “ಜಟ್ಟೀ!” ಗಂಟಲು ಒಡೆದು ಸ್ವರ ಹೋಗುವ ತನಕ ಕೂಗಿದಳು. ಸರ್ಕಾರದವರು ಬಂದು ಯಂತ್ರವನ್ನೂ ಫಿರಂಗಿಯನ್ನೂ ಬಿಚ್ಚಿಕೊಂಡು ಹೋದರು, ಮರವನ್ನು ಬಿಟ್ಟುಹೋದರು. ಮುಂದಿನ ವರ್ಷ ಕೇರಿಯ ಹೊಸ ಸೊಸೆಯೊಬ್ಬಳು, ಗಂಡ ಕಡಲಿಗೆ ಹೊರಟ ದಿನ, ಅಂಜುತ್ತ ಆಣಿ ಹಿಡಿದು ಬಂಡೆಗೆ ಬಂದಾಗ, ಸೋಮಿ ಒಡಕು ದನಿಯಲ್ಲಿ ಗದರಿದಳಂತೆ: “ನಾಚ್ಕಿ ಎಂತದು? ಹೆಸ್ರು ಹಿಡ್ದು ಕರಿ. ದೋಣಿಗೆ ದಾರಿ ಗೊತ್ತದೆ.”

ಈಗಲೂ ನೀರು ಪೂರ್ತಿ ಇಳಿದಾಗ ಬಂಡೆಯ ಬುಡದಲ್ಲಿ ಆ ನೌಕೆಯ ಪಕ್ಕೆಲುಬುಗಳು ಕಾಣುತ್ತವೆ. ಮಳೆಗಾಲ ಮುಗಿದು ದೋಣಿಗಳು ಮೊದಲ ಬಾರಿಗೆ ಕಡಲಿಗಿಳಿಯುವ ದಿನ, ಜನಗಣತಿಯವರು ಕೇಳಿದರೂ ಗಂಡನ ಹೆಸರು ತಾವು ಹೇಳದೆ ಮಗನ ಕಡೆ ಕೈ ತೋರಿಸುವ ಹೆಂಗಸರು ಇಲ್ಲಿ ಆಣಿ ಹೊಡೆದು ಗಂಡಂದಿರ ಹೆಸರು ಕೂಗುತ್ತಾರೆ. ಗಂಡಸರು ದೋಣಿಗಳಲ್ಲಿ ಇಂಜಿನ್ ನಿಲ್ಲಿಸಿ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಎಲ್ಲರದೂ ಮುಗಿದ ಮೇಲೆ ಅಲ್ಲಿದ್ದವರಲ್ಲಿ ಹಿರಿಯಳಾದವಳು ಬಿರುಕಿನ ಕೊನೆಗಿರುವ ಸಾಗುವಾನಿಯ ಹಳೆಯ ಆಣಿಯ ಮೇಲೆ ಕೈಯಿಟ್ಟು ಇನ್ನೊಂದು ಹೆಸರು ಕೂಗುತ್ತಾಳೆ. ಆ ಹೆಸರಿನವನು ಈಗ ಅಲ್ಲಿ ಯಾರ ಗಂಡನೂ ಅಲ್ಲ. ಆದರೂ ಜಟ್ಟಿಯನ್ನು ಕರೆಯದೆ ಹಿರೇತೊಪ್ಪಲಿನಲ್ಲಿ ಯಾವ ದೋಣಿಯೂ ಅಳಿವೆ ದಾಟುವುದಿಲ್ಲ.