ಟೇಪು ಕೇಳಿದ ಕ್ಷೇಮಸಮಾಚಾರ

ಅಂತರ್ಜಲ ಅಳೆಯುವ ಕಚೇರಿಯೊಂದರಲ್ಲಿ ಉಕ್ಕಿನ ಟೇಪೊಂದು ಮೊಳೆಗೆ ನೇತುಬಿದ್ದಿತ್ತು. ಹಿಂದೆಲ್ಲ ತಿಂಗಳಿಗೊಮ್ಮೆ ಅದು ಮೈಗೆ ಸೀಮೆಸುಣ್ಣ ಬಳಿಸಿಕೊಂಡು ಗುಡ್ಡದಹಟ್ಟಿಯ ಬಾವಿಗೆ ಇಳಿಯುತ್ತಿತ್ತು. ಸುಣ್ಣ ಎಲ್ಲಿಂದ ಒದ್ದೆಯಾಗಿದೆಯೋ ಅಲ್ಲಿಂದ ನೀರು ಎಂದು ಲೆಕ್ಕ. ಆಮೇಲೆ ಕಚೇರಿಗೆ ಸಾಫ್ಟ್‌ವೇರ್ ಬಂತು. ಅಳತೆ ಬಾರದ ತಿಂಗಳಿನ ಅಂಕಿಯನ್ನೂ ಅದು ತಾನೇ ತುಂಬಿಕೊಳ್ಳುತ್ತಿತ್ತು. ಹೀಗಾಗಿ ಟೇಪನ್ನು ಕೇಳುವವರೇ ಇಲ್ಲವಾದರು.

ಅಕ್ಕನಂತಿದ್ದ ಆ ಬಾವಿಯ ತಂಪಿಗಾಗಿ ಟೇಪಿನ ಜೀವ ಹಂಬಲಿಸುತ್ತಿತ್ತು. ತಡೆಯಲಾರದೆ ಕೇಳುತ್ತಿತ್ತು: “ಸಾಫ್ಟ್‌ವೇರಪ್ಪ, ನಮ್ಮಕ್ಕ ಹೇಗಿದ್ದಾಳೆ?”

“ಸುಖವಾಗಿದ್ದಾಳೆ. ನೀರು ಹತ್ತು ಮೀಟರಿನಲ್ಲೇ ಇದೆ.”

ಆ ಒಂದು ಮಾತಿನ ಮೇಲೆ ಟೇಪು ಇನ್ನೊಂದು ತಿಂಗಳು ನೂಕುತ್ತಿತ್ತು.

ಕೊನೆಗೂ ಹೊಸ ಅಧಿಕಾರಿಯೊಬ್ಬರು ಅದನ್ನು ಬಾವಿಗೆ ಒಯ್ದರು. ತವರಿಗೆ ಹೊರಟವಳ ಹಾಗೆ ಟೇಪು ಸುಣ್ಣ ಬಳಿಸಿಕೊಂಡು ಇಳಿಯಿತು. ಇಳಿದೂ ಇಳಿದೂ ತಳದ ಕಲ್ಲಿಗೆ ತಾಗಿತು.

“ಅಕ್ಕಾ, ನೀರೆಲ್ಲಿ?”

“ನೀನು ಬರುವುದು ಬಿಟ್ಟ ಮರುವರ್ಷವೇ ಬತ್ತಿಹೋದೆನಲ್ಲೇ ತಂಗಿ. ನಿನಗೆ ಯಾರೂ ಹೇಳಲಿಲ್ಲವೆ?”

“ಹತ್ತು ಮೀಟರಿನಲ್ಲಿದೆ ಎಂದು ಅವನು ತಿಂಗಳು ತಿಂಗಳೂ ಹೇಳುತ್ತಿದ್ದನಲ್ಲ!”

“ಅವನು ಇತ್ತ ಕಾಲಿಟ್ಟವನೇ ಅಲ್ಲ. ಅವನಿಗೆ ಹೇಳಿದವರು ಯಾರು?”

ಬಾವಿಯ ಸುದ್ದಿಯನ್ನು ಆ ಕಚೇರಿಗೆ ಒಯ್ದದ್ದು ಟೇಪೊಂದೇ. ಇಷ್ಟು ಕಾಲ ತನ್ನ ಹಳೆಯ ಮಾತನ್ನೇ ಅಕ್ಕನ ಮಾತೆಂದು ಕೇಳಿಸಿಕೊಂಡು ಅದು ಜೀವ ಹಿಡಿದಿತ್ತು.

ಮೇಲೆ ಎಳೆದಾಗ, ಬಳಿದ ಸುಣ್ಣ ಬಳಿದ ಹಾಗೇ ಇತ್ತು.