ಒಂದು ಮುಖ ಹೆಚ್ಚು

“ಗುರುಗಳೇ, ತಾಯಿಯ ನಾಡು ಒಂದು, ನಾನು ಬೆಳೆದ ನಾಡು ಇನ್ನೊಂದು. ಅಲ್ಲಿ ನನ್ನನ್ನು ಇಲ್ಲಿಯವನೆನ್ನುತ್ತಾರೆ, ಇಲ್ಲಿ ಅಲ್ಲಿಯವನೆನ್ನುತ್ತಾರೆ. ನಾನು ಎಲ್ಲಿಯವನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಛಾಯಾಗ್ರಾಹಕನಿದ್ದ. ಕಡಲಾಚೆಯ ದ್ವೀಪದಲ್ಲಿ ಬೆಳೆದವನು. ಅವನ ತಾಯಿ ಸಂಕವ್ವ ತುಂಗಭದ್ರೆಯ ದಂಡೆಯ ಹಳ್ಳಿಯವಳು. ಮದುವೆಯಾಗಿ ದ್ವೀಪಕ್ಕೆ ಹೋದವಳು ಅಲ್ಲಿಯೇ ತೀರಿಕೊಂಡಳು. ಕಂಡವರ ಚಿತ್ರವನ್ನೆಲ್ಲ ತೆಗೆದ ಮಗ ಅವಳದೊಂದನ್ನೂ ತೆಗೆದಿರಲಿಲ್ಲ. ನಾಳೆ ತೆಗೆದರಾಯಿತು ಎಂದುಕೊಂಡೇ ಇದ್ದ. ವರ್ಷ ಕಳೆದಂತೆ ಅವಳ ಮುಖ ನೆನಪಿನಿಂದ ಅಳಿಯತೊಡಗಿತು. ಮೊದಲು ಕಣ್ಣು, ಆಮೇಲೆ ಬಾಯಿ. ಅವಳ ಊರಿನಲ್ಲಾದರೂ ಆ ಹೋಲಿಕೆ ಸಿಕ್ಕೀತೆಂದು ಅವನು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದ.

ಊರ ಕಟ್ಟೆಯ ಬಳಿ ಕುರ್ಚಿ ಹಾಕಿ ಮುದುಕಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿದ. ಹನ್ನೊಂದು ಜನ ಬಂದರು. ಮಧ್ಯಾಹ್ನ ಕೋಣೆಯ ಕಿಟಕಿ ಮುಚ್ಚಿ ಫಿಲ್ಮ್ ತೊಳೆದು ಚಿತ್ರಗಳನ್ನು ಅಚ್ಚು ಹಾಕಿದ. ಹನ್ನೆರಡು ಮುಖಗಳಿದ್ದವು. ಹೆಚ್ಚಿನದು ಯಾವುದೆಂದು ಹುಡುಕಿದ. ಒಂದೊಂದನ್ನೂ ತಾನೇ ತೆಗೆದ ನೆನಪಿತ್ತು.

ಚಿತ್ರಗಳನ್ನು ಹಿಡಿದು ಕಟ್ಟೆಗೆ ಓಡಿದ. ಅಲ್ಲಿ ಒಬ್ಬ ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ತನ್ನ ಚಿತ್ರ ಬೇಡವೆಂದವಳು ಅವಳೊಬ್ಬಳೇ. ಮುಂಜಾನೆಯಿಂದ ಕೂತು ಎಲ್ಲ ನೋಡಿದ್ದಳು.

“ಅಜ್ಜಿ, ಬಂದವರು ಹನ್ನೊಂದು ಜನ ತಾನೇ?”

“ನಿಮ್ಮವ್ವನೂ ಬಂದು ಕೂತಿದ್ದಳಲ್ಲಪ್ಪ. ನಿನಗೆ ಗುರುತು ಹತ್ತಲಿಲ್ಲೇನು?”

“ಇವರಲ್ಲಿ ಅವಳು ಯಾರು?”

“ಹೆತ್ತವಳನ್ನು ಬೇರೆಯವರು ತೋರಿಸಬೇಕೇನು? ಯಾರ ಮಗನಪ್ಪ ನೀನು ಎಂದು ಅವಳು ನಿನ್ನನ್ನು ಕೇಳಿದಳು. ನಾನು ಇಲ್ಲಿಯವನಲ್ಲ ಎಂದೆ ನೀನು. ಸೆರಗು ಹೊದ್ದು ಎದ್ದು ಹೋದಳು.”

ಕುರ್ಚಿಯಲ್ಲಿ ಕೂತವರೆಲ್ಲ ಅಂದು ಅವನನ್ನು ಅದನ್ನೇ ಕೇಳಿದ್ದರು. ಎಲ್ಲರಿಗೂ ಅವನು ಅದೇ ಉತ್ತರ ಕೊಟ್ಟಿದ್ದ.

ಮರುದಿನದಿಂದ ಅವನು ಚಿತ್ರಗಳನ್ನು ಕೊಡಲು ಮನೆಮನೆಗೆ ಹೋದ. ಬಾಗಿಲಲ್ಲಿ ನಿಂತು, “ಅವ್ವಾ, ನಾನು ಸಂಕವ್ವನ ಮಗ” ಎಂದ. ಒಂದೊಂದು ಬಾಗಿಲಲ್ಲೂ ಒಬ್ಬ ಮುದುಕಿ ಬಂದು ತನ್ನ ಚಿತ್ರ ತೆಗೆದುಕೊಂಡಳು. ಒಳಗೆ ಕರೆದು ಉಣ್ಣಲಿಕ್ಕಿದಳು. ಕೊನೆಗೆ ಅವನ ಕೈಯಲ್ಲಿ ಒಂದು ಚಿತ್ರವೂ ಉಳಿಯಲಿಲ್ಲ.

ಶಿಷ್ಯನ ದನಿ ತಗ್ಗಿತು. “ಹಾಗಾದರೆ ಅವನಿಗೆ ತಾಯಿ ಸಿಕ್ಕಳೇ?”

ಗುರುಗಳು ಹೇಳಿದರು: “ಹನ್ನೆರಡು ಮನೆಗಳಲ್ಲಿ ಉಂಡ, ಬಡಿಸಿದವರಲ್ಲಿ ತೀರಿಹೋದವಳು ಯಾರೆಂದು ಕೇಳಲಿಲ್ಲ.”