ಗೃಹಪ್ರವೇಶದ ಹಸು

ಶ್ರಾವಣ ಬಂತೆಂದರೆ ಕಪಿಲೆ ಎಂಬ ಹಸುವಿಗೆ ದಿನಕ್ಕೆ ಮೂರು ಗೃಹಪ್ರವೇಶ. ಹೊಸ ಮನೆಗೆ ಮೊದಲು ಅದೇ ಕಾಲಿಡಬೇಕು. ಹೋದಲ್ಲೆಲ್ಲ ಬಾಳೆಹಣ್ಣು, ಅಕ್ಕಿ-ಬೆಲ್ಲ, ಹೋಳಿಗೆ. ಯಾರ ಪೂಜೆಗೂ ಬೇಡದ ಎಮ್ಮೆ ಕೊಟ್ಟಿಗೆಯಲ್ಲಿ ಒಣಹುಲ್ಲು ಮೇಯುತ್ತಿತ್ತು.

“ನಿನ್ನ ಹೊಟ್ಟೆ ಉಬ್ಬಿದೆ. ನಾಳೆ ಏನು ಕೊಟ್ಟರೂ ತಿನ್ನಬೇಡ,” ಎಂದಿತು ಎಮ್ಮೆ.

“ಕಾಲು ಮುಟ್ಟಿ ನಮಸ್ಕರಿಸಿ ಕೊಡುತ್ತಾರೆ. ಬೇಡ ಎಂದರೆ ನೊಂದುಕೊಳ್ಳುತ್ತಾರೆ,” ಎಂದಿತು ಕಪಿಲೆ.

ಮರುದಿನ ಮೂರನೆಯ ಮನೆಯಿಂದ ಬಂದು ಮಲಗಿದ ಕಪಿಲೆ ಮತ್ತೆ ಏಳಲಿಲ್ಲ.

ಮುಹೂರ್ತಗಳು ನಿಲ್ಲಲಿಲ್ಲ. ಒಡೆಯ ಕಪಿಲೆಯ ಕರುವಿನ ಹಣೆಗೆ ಕುಂಕುಮವಿಟ್ಟು ಕರೆದೊಯ್ದ. ಸಂಜೆ ಮರಳಿದ ಕರುವಿನ ಮೂತಿಗೆ ಬೆಲ್ಲ ಮೆತ್ತಿತ್ತು. ಎಮ್ಮೆ ತನ್ನ ಹುಲ್ಲನ್ನು ಅದರತ್ತ ನೂಕಿತು.

ಕರು ಮೂಸಿ ನೋಡಿ ಮುಖ ತಿರುಗಿಸಿತು.

“ಹಸಿವಿಲ್ಲ ಅತ್ತೆ. ನಾಳೆ ಮೂರು ಮನೆಯಂತೆ.”